ಪ್ಲಾಟಿನಂ ಆಭರಣ

ಪ್ಲಾಟಿನಂ ಲೋಹವನ್ನೇ ಪ್ರಧಾನ ಘಟಕವಾಗಿ ಉಳ್ಳ ಮಿಶ್ರಲೋಹದಿಂದ ತಯಾರಿಸಿದ ಒಡವೆಯನ್ನು ಪ್ಲಾಟಿನಂ ಆಭರಣವೆಂದು ಕರೆಯಲಾಗುತ್ತದೆ. ಉಂಗುರ, ಸರ, ಓಲೆ, ಕಡಗಗಳಲ್ಲಿಯೂ ವಜ್ರವನ್ನು ಕೂರಿಸುವ ಚೌಕಟ್ಟುಗಳಲ್ಲಿಯೂ ಇದರ ಬಳಕೆ ಹೆಚ್ಚು. ನೋಟಕ್ಕೆ ಬೆಳ್ಳಿ ಹಾಗೂ ಬಿಳಿ ಚಿನ್ನಗಳನ್ನು ಹೋಲುವುದಾದರೂ ತೂಕ, ಬಾಳಿಕೆ, ಬೆಲೆ ಮತ್ತು ದುರಸ್ತಿಯ ವಿಧಾನಗಳಲ್ಲಿ ಇದು ಅವೆರಡರಿಂದಲೂ ಭಿನ್ನವಾಗಿದೆ. ಆದುದರಿಂದ ಆಭರಣವನ್ನು ಆರಿಸುವಾಗ ಈ ಭೇದಗಳ ಅರಿವು ಅಗತ್ಯ.

ಲೋಹದ ಗುಣಗಳು

ಪ್ಲಾಟಿನಂನ ಪರಮಾಣು ಸಂಖ್ಯೆ 78. ಇದರ ಸಾಂದ್ರತೆ ಘನ ಸೆಂಟಿಮೀಟರಿಗೆ 21.45 ಗ್ರಾಂ, ಚಿನ್ನದ್ದು 19.3 ಗ್ರಾಂ, ಬೆಳ್ಳಿಯದು ಸುಮಾರು 10.5 ಗ್ರಾಂ. ಚಿನ್ನವು 1064 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿದರೆ, ಪ್ಲಾಟಿನಂ ಕರಗಲು 1768 ಡಿಗ್ರಿ ಬೇಕು. ಗಾಳಿ, ನೀರು, ಬೆವರುಗಳಿಂದ ಇದು ಕಿಲುಬು ಹಿಡಿಯುವುದಿಲ್ಲ. ಬೆಳ್ಳಿಯಂತೆ ಕಪ್ಪಾಗುವುದೂ ಇಲ್ಲ. ಬಿಡಿ ಆಮ್ಲಗಳಿಗೆ ಸುಲಭವಾಗಿ ಜಗ್ಗದ ಈ ಲೋಹವು ನೈಟ್ರಿಕ್ ಮತ್ತು ಹೈಡ್ರೋಕ್ಲೋರಿಕ್ ಆಮ್ಲಗಳ ಮಿಶ್ರಣವಾದ ಆಕ್ವ ರೀಜಿಯದಲ್ಲಿ ಕರಗುತ್ತದೆ.

ಇತಿಹಾಸ

ಇಂದಿನ ಈಕ್ವೆಡಾರ್ ಮತ್ತು ಕೊಲಂಬಿಯ ದೇಶಗಳ ಕರಾವಳಿಯಲ್ಲಿದ್ದ ಮೂಲನಿವಾಸಿಗಳು ಯುರೋಪಿಯನ್ನರ ಆಗಮನಕ್ಕೆ ಬಹು ಹಿಂದೆಯೇ ಪ್ಲಾಟಿನಂ ಒಡವೆಗಳನ್ನು ಮಾಡುತ್ತಿದ್ದರು. ಲೋಹವನ್ನು ಕರಗಿಸುವಷ್ಟು ಶಾಖ ಅವರ ಒಲೆಗಳಲ್ಲಿ ದೊರೆಯುತ್ತಿರಲಿಲ್ಲ. ಪ್ಲಾಟಿನಂ ಕಣಗಳನ್ನು ಚಿನ್ನದ ಪುಡಿಯೊಡನೆ ಬೆರೆಸಿ ಕಾಯಿಸಿದಾಗ ಕರಗಿದ ಚಿನ್ನವು ಕಣಗಳನ್ನು ಬೆಸೆಯುತ್ತಿತ್ತು. ಮತ್ತೆ ಮತ್ತೆ ಕಾಯಿಸಿ ಬಡಿದು ಅವರು ತಗಡು ಮಾಡುತ್ತಿದ್ದರು.

ಸ್ಪೇನಿನವರು ಈ ಲೋಹಕ್ಕೆ 'ಪ್ಲಾಟಿನ', ಅಂದರೆ 'ಚಿಕ್ಕ ಬೆಳ್ಳಿ', ಎಂದು ಹೆಸರಿಟ್ಟರು. ಚಿನ್ನ ಸೋಸುವವರಿಗೆ ಅದು ತೊಡಕಿನ ಕಲ್ಮಶವಾಗಿಯೇ ಕಂಡಿತ್ತು. ಆಂಟೋನಿಯೊ ಡಿ ಉಲ್ಲೋವಾ ಎಂಬ ಸ್ಪೇನಿನ ನೌಕಾಧಿಕಾರಿ 1748ರಲ್ಲಿ ಪ್ರಕಟಿಸಿದ ಪ್ರವಾಸ ವೃತ್ತಾಂತದಲ್ಲಿ ಅದರ ವಿವರಣೆಯಿದೆ. ಆಭರಣಲೋಕದಲ್ಲಿ ಅದಕ್ಕೆ ಪ್ರತಿಷ್ಠೆ ಬಂದುದು ಹತ್ತೊಂಬತ್ತನೆಯ ಶತಮಾನದ ಕೊನೆ ಹಾಗೂ ಇಪ್ಪತ್ತನೆಯ ಶತಮಾನದ ಆದಿಯಲ್ಲಿ. ಹೆಚ್ಚು ಶಾಖ ನೀಡುವ ಅನಿಲಜ್ವಾಲೆಗಳು ಕುಶಲಕರ್ಮಿಗಳ ಕೈಗೆ ಬಂದವು. ಪ್ಯಾರಿಸ್‌ನ ಲೂಯಿ ಕಾರ್ಟಿಯೆ ಮೊದಲಾದವರು ಕಸೂತಿಯಷ್ಟು ನವುರಾದ ಚೌಕಟ್ಟುಗಳಲ್ಲಿ ವಜ್ರಗಳನ್ನು ಕೂರಿಸತೊಡಗಿದರು. ಭಾರತದ ಕೊಹಿನೂರ್ ವಜ್ರವನ್ನು ಕೂರಿಸಿರುವ ಬ್ರಿಟನ್ನಿನ ರಾಣಿ ಎಲಿಜಬೆತ್‌ರ (ಎರಡನೆಯ ಎಲಿಜಬೆತ್‌ರ ತಾಯಿ) 1937ರ ಕಿರೀಟವೂ ಪ್ಲಾಟಿನಂನದೇ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕ ಸರ್ಕಾರವು ಪ್ಲಾಟಿನಂನ ಸೈನಿಕೇತರ ಬಳಕೆಯನ್ನು ನಿರ್ಬಂಧಿಸಿತು. ಆಗ ಅದರ ಸ್ಥಾನವನ್ನು ಬಿಳಿ ಚಿನ್ನವು ಆಕ್ರಮಿಸಿತು. ಇಂದು ಜಗತ್ತಿನ ಗಣಿ ಉತ್ಪಾದನೆಯ ಬಹುಪಾಲು ದಕ್ಷಿಣ ಆಫ್ರಿಕದ ಬುಷ್‌ವೆಲ್ಡ್ ಪ್ರದೇಶದಿಂದ ಬರುತ್ತದೆ. ರಷ್ಯ ಮತ್ತು ಜಿಂಬಾಬ್ವೆಗಳು ಇತರ ಮುಖ್ಯ ಉತ್ಪಾದಕ ದೇಶಗಳು. ಕರ್ನಾಟಕದ ಚನ್ನಗಿರಿ ಸಮೀಪದ ಹನುಮಲಾಪುರದ ಶಿಲೆಗಳಲ್ಲಿ ಪ್ಲಾಟಿನಂ ಗುಂಪಿನ ಧಾತುಗಳನ್ನು ಭೂವಿಜ್ಞಾನಿಗಳು ಗುರುತಿಸಿದ್ದಾರೆ.

ಶುದ್ಧತೆ

ಚಿನ್ನವನ್ನು ಕ್ಯಾರೆಟ್‌ನಲ್ಲಿ ಅಳೆಯುವ ರೂಢಿಯಿದ್ದರೆ, ಪ್ಲಾಟಿನಂನ ಶುದ್ಧತೆಯನ್ನು ಸಾವಿರಕ್ಕೆ ಇಷ್ಟು ಭಾಗ ಎಂದು ಸೂಚಿಸುತ್ತಾರೆ. 950 ಎಂಬ ಅಂಕಿಯಿದ್ದಲ್ಲಿ ಸಾವಿರ ಭಾಗಗಳಲ್ಲಿ 950 ಭಾಗ ಪ್ಲಾಟಿನಂ ಇದೆಯೆಂದು ಅರ್ಥ. 900 ಮತ್ತು 850 ಶುದ್ಧತೆಯ ಆಭರಣಗಳೂ ಹಲವು ದೇಶಗಳಲ್ಲಿವೆ. ಅಪ್ಪಟ ಪ್ಲಾಟಿನಂ ಮೆದು. ಆದ್ದರಿಂದ ಗಡಸುತನಕ್ಕಾಗಿ ರುಥೇನಿಯಂ, ಇರಿಡಿಯಂ, ಕೋಬಾಲ್ಟ್, ತಾಮ್ರ ಅಥವಾ ಪಲ್ಲಾಡಿಯಂ ಬೆರೆಸುತ್ತಾರೆ. ಬೆರಕೆಯ ಲೋಹ ಯಾವುದೆಂಬುದರ ಮೇಲೆ ಒಡವೆಯ ಗಡಸುತನ ಬದಲಾಗುತ್ತದೆ.

ಬಿಳಿ ಚಿನ್ನದೊಡನೆ ಹೋಲಿಕೆ

ಬಿಳಿ ಚಿನ್ನವು ಬೇರೊಂದು ಲೋಹವಲ್ಲ. ಹಳದಿ ಚಿನ್ನಕ್ಕೆ ನಿಕ್ಕಲ್, ಪಲ್ಲಾಡಿಯಂ ಮೊದಲಾದುವನ್ನು ಬೆರೆಸಿ ಬಣ್ಣ ತಗ್ಗಿಸಿದ ಮಿಶ್ರಲೋಹ. 18 ಕ್ಯಾರೆಟ್ ಬಿಳಿ ಚಿನ್ನದಲ್ಲಿ ಶೇಕಡ 75ರಷ್ಟು ಚಿನ್ನವೇ ಇರುತ್ತದೆ. ಉಳಿದ ಹಳದಿ ಛಾಯೆಯನ್ನು ಮರೆಸಲು ಸಾಮಾನ್ಯವಾಗಿ ಅದರ ಮೇಲೆ ರೋಡಿಯಂ ಲೇಪ ಕೊಡುತ್ತಾರೆ. ನಿತ್ಯ ಧರಿಸುವ ಉಂಗುರದಲ್ಲಿ ಈ ಲೇಪ ಕ್ರಮೇಣ ಸವೆದು ಮರುಲೇಪ ಬೇಕಾಗುತ್ತದೆ. ಪ್ಲಾಟಿನಂನ ಬಿಳುಪು ಲೋಹದ ಸಹಜ ಬಣ್ಣ.

ನಿಕ್ಕಲ್ ಕೆಲವರ ಚರ್ಮಕ್ಕೆ ಒಗ್ಗದೆ ತುರಿಕೆ, ಗುಳ್ಳೆಗಳನ್ನು ಉಂಟುಮಾಡುತ್ತದೆ. ಆಭರಣಗಳಲ್ಲಿ ಬಳಸುವ ಪ್ಲಾಟಿನಂ ಮಿಶ್ರಲೋಹಗಳಲ್ಲಿ ಸಾಮಾನ್ಯವಾಗಿ ನಿಕ್ಕಲ್ ಇರುವುದಿಲ್ಲವಾದ್ದರಿಂದ ಅಂಥವರಿಗೆ ಇದು ಹೆಚ್ಚು ಹಿತಕರ.

ಗೀರು ಮತ್ತು ಸವೆತ

ಪ್ಲಾಟಿನಂಗೆ ಗೀರೇ ಬೀಳುವುದಿಲ್ಲವೆಂಬ ನಂಬಿಕೆ ತಪ್ಪು. ದಿನಬಳಕೆಯಲ್ಲಿ ಇದರ ಮೇಲೆ ಸುಲಭವಾಗಿ ಗೀರು ಬೀಳುತ್ತದೆ. ಆದರೆ ಗೀರಿದ ಜಾಗದ ಲೋಹವು ಬಹುಮಟ್ಟಿಗೆ ಉದುರಿಹೋಗದೆ ಅಕ್ಕಪಕ್ಕಕ್ಕೆ ಸರಿಯುತ್ತದೆ. ಹೀಗಾಗಿ ಹೊಳಪು ಮಂದವಾದರೂ ತೂಕ ಅಷ್ಟಾಗಿ ತಗ್ಗುವುದಿಲ್ಲ. ಹರಳನ್ನು ಕಚ್ಚಿ ಹಿಡಿಯುವ ಸಣ್ಣ ಮೊನೆಗಳಿಗೆ ಈ ಗುಣ ಬಹಳ ಮುಖ್ಯ. ಮೊನೆ ಸವೆದರೆ ಬೆಲೆಬಾಳುವ ಹರಳೇ ಕಳೆದುಹೋಗುತ್ತದೆ. ಆದರೆ ಜೋರಾದ ಹೊಡೆತಕ್ಕೆ ಪ್ಲಾಟಿನಂ ಮೊನೆಯೂ ಬಾಗಬಹುದು.

ತೂಕ ಮತ್ತು ಬೆಲೆ

ಗ್ರಾಮಿನ ದರವನ್ನಷ್ಟೇ ನೋಡಿ ಪ್ಲಾಟಿನಂ ಅಗ್ಗ ಅಥವಾ ತುಟ್ಟಿ ಎಂದು ನಿರ್ಣಯಿಸುವುದು ಸರಿಯಲ್ಲ. 18 ಕ್ಯಾರೆಟ್ ಚಿನ್ನದಲ್ಲಿ 6 ಗ್ರಾಂ ತೂಗುವ ಉಂಗುರವನ್ನು ಅದೇ ಅಳತೆಯಲ್ಲಿ 950 ಪ್ಲಾಟಿನಂನಿಂದ ಮಾಡಿದರೆ ಅದು ಸುಮಾರು 8 ಗ್ರಾಂ ತೂಗುತ್ತದೆ. ಮೊದಲನೆಯದರಲ್ಲಿ ಶುದ್ಧ ಚಿನ್ನ 4.5 ಗ್ರಾಂ, ಎರಡನೆಯದರಲ್ಲಿ ಶುದ್ಧ ಪ್ಲಾಟಿನಂ 7.6 ಗ್ರಾಂ. ಅಧಿಕ ಶಾಖ, ವಿಶೇಷ ಉಪಕರಣ ಹಾಗೂ ಹೆಚ್ಚಿನ ಶ್ರಮ ಬೇಕಾಗುವುದರಿಂದ ತಯಾರಿಕೆಯ ಕೂಲಿಯೂ ಸಾಮಾನ್ಯವಾಗಿ ಹೆಚ್ಚು.

ಪ್ಲಾಟಿನಂ ಯಾವಾಗಲೂ ಚಿನ್ನಕ್ಕಿಂತ ದುಬಾರಿ ಎಂಬ ಮಾತೂ ಈಗ ನಿಜವಲ್ಲ. 2008ರಲ್ಲಿ ಅಂತರರಾಷ್ಟ್ರೀಯ ಮಾರುಕಟ್ಟೆಯಲ್ಲಿ ಇದರ ಬೆಲೆ ಔನ್ಸಿಗೆ 2,000 ಡಾಲರ್ ಮೀರಿ, ಚಿನ್ನದ ಎರಡರಷ್ಟಿತ್ತು. ಅದೇ ವರ್ಷದ ಕೊನೆಗೆ ತೀವ್ರವಾಗಿ ಕುಸಿಯಿತು. 2015ರ ನಂತರ ಚಿನ್ನದ ದರವೇ ಮೇಲುಗೈ ಪಡೆಯಿತು. ವಾಹನಗಳ ಹೊಗೆ ಶುದ್ಧೀಕರಿಸುವ ಸಾಧನಗಳಲ್ಲಿ ಪ್ಲಾಟಿನಂನ ಬಳಕೆ ಹೆಚ್ಚಾಗಿರುವುದರಿಂದ ಕೈಗಾರಿಕೆಯ ಏರಿಳಿತಗಳು ಅದರ ಬೆಲೆಯನ್ನು ಅಲುಗಿಸುತ್ತವೆ.

ಭಾರತದಲ್ಲಿ ಚಿನ್ನವು ಒಡವೆಯೂ ಹೌದು, ಆಪತ್ಕಾಲದ ಗಂಟೂ ಹೌದು. ಯಾವ ಊರಿನಲ್ಲಿಯೂ ಅದನ್ನು ಒತ್ತೆಯಿಡಬಹುದು, ಮಾರಬಹುದು. ಪ್ಲಾಟಿನಂಗೆ ಆ ಸೌಲಭ್ಯ ಅಷ್ಟಾಗಿ ಇಲ್ಲ. ಮರಳಿ ಕೊಳ್ಳುವ ಅಂಗಡಿಗಳು ಕಡಿಮೆ; ಕೊಳ್ಳುವವರೂ ಕೂಲಿಯನ್ನು ಲೆಕ್ಕಕ್ಕೆ ಹಿಡಿಯದೆ ಲೋಹದ ಬೆಲೆಯಲ್ಲಿಯೂ ಕಡಿತ ಮಾಡುವುದುಂಟು. ಕಷ್ಟಕ್ಕೆ ಒದಗಲೆಂದು ಕೂಡಿಡುವವರಿಗಿಂತ, ಬಾಳಿನುದ್ದಕ್ಕೂ ಧರಿಸಲೆಂದು ಕೊಳ್ಳುವವರಿಗೆ ಇದು ತಕ್ಕ ಲೋಹ.

ಕೊಳ್ಳುವಾಗ ಗಮನಿಸಬೇಕಾದ ಅಂಶಗಳು

* ಒಡವೆಯ ಒಳಭಾಗದಲ್ಲಿ ಪಿಟಿ 950 ಎಂಬ ಮುದ್ರೆ ಇರಬೇಕು. ಭಾರತದಲ್ಲಿ 2021ರ ಜೂನ್‌ನಲ್ಲಿ ಕಡ್ಡಾಯಗೊಳಿಸಿದ ಹಾಲ್‌ಮಾರ್ಕ್ ನಿಯಮವು ಚಿನ್ನಕ್ಕೆ ಸಂಬಂಧಿಸಿದುದು. ಪ್ಲಾಟಿನಂ ಅದರ ವ್ಯಾಪ್ತಿಗೆ ಸೇರಿಲ್ಲ. ಆದುದರಿಂದ ಶುದ್ಧತೆಯ ಪ್ರಮಾಣಪತ್ರವನ್ನು ಕೇಳಿ ಪಡೆಯುವುದು ಅವಶ್ಯ.
* ರಸೀದಿಯಲ್ಲಿ ಲೋಹದ ತೂಕ, ಹರಳಿನ ತೂಕ, ಶುದ್ಧತೆ, ಆ ದಿನದ ದರ ಮತ್ತು ಕೂಲಿಯನ್ನು ಪ್ರತ್ಯೇಕವಾಗಿ ಬರೆಸಿಕೊಳ್ಳಬೇಕು.
* ಮರಳಿ ಕೊಳ್ಳುವ ಹಾಗೂ ಬದಲಾಯಿಸುವ ಷರತ್ತುಗಳನ್ನು ಲಿಖಿತವಾಗಿ ಪಡೆಯಬೇಕು.
* ಉಂಗುರದ ಅಳತೆಯನ್ನು ಮುಂದೆ ಹಿಗ್ಗಿಸಲು, ಕುಗ್ಗಿಸಲು ಸಾಧ್ಯವೇ, ಅದಕ್ಕೆ ತಗಲುವ ವೆಚ್ಚವೆಷ್ಟು ಎಂಬುದನ್ನು ಮೊದಲೇ ತಿಳಿಯಬೇಕು.

ಆರೈಕೆ ಮತ್ತು ದುರಸ್ತಿ

ಬೆಚ್ಚಗಿನ ಸಾಬೂನು ನೀರಿನಲ್ಲಿ ನೆನೆಸಿ, ಮೆದುವಾದ ಕುಂಚದಿಂದ ಉಜ್ಜಿ ತೊಳೆದರೆ ಸಾಮಾನ್ಯ ಕೊಳೆ ಹೋಗುತ್ತದೆ. ಮಂದವಾದ ಹೊಳಪನ್ನು ಮೆರುಗು ಕೊಡಿಸಿ ಮರಳಿ ಪಡೆಯಬಹುದು. ಆ ಮಂದ ಕಾಂತಿಯನ್ನೇ ಮೆಚ್ಚಿ ಹಾಗೆಯೇ ಉಳಿಸಿಕೊಳ್ಳುವವರೂ ಇದ್ದಾರೆ. ಬೇರೆ ಒಡವೆಗಳೊಡನೆ ಒಂದೇ ಪೆಟ್ಟಿಗೆಯಲ್ಲಿ ಇಟ್ಟರೆ ಪರಸ್ಪರ ಉಜ್ಜಿ ಗೀರುಗಳಾಗುತ್ತವೆ. ದುರಸ್ತಿಯನ್ನು ಈ ಲೋಹದಲ್ಲಿ ಪಳಗಿದವರಿಂದಲೇ ಮಾಡಿಸಬೇಕು. ಚಿನ್ನದ ಬೆಸುಗೆ ಹಾಕಿದರೆ ಜೋಡಣೆಯ ಬಣ್ಣ ಬೇರೆಯಾಗಿ ಕಾಣಬಹುದು. ಕಾಯಿಸುವಾಗ ಇಂಗಾಲ, ಸಿಲಿಕಾನ್ ಮುಂತಾದುವು ಸೇರಿಕೊಂಡರೆ ಲೋಹವು ಬಿರುಕು ಬಿಡುತ್ತದೆ.