ಕಾರಣ ಬರೆಯಲು ಜಾಗವಿಲ್ಲದ ಅರ್ಜಿ

ಮೂರು ವರ್ಷದ ಹಿಂದೆ ನಮ್ಮ ತಂಡಕ್ಕೊಂದು ಕೆಲಸ ಬಂತು. ಉತ್ತರ ಭಾರತದ ಒಂದು ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ ಅಧ್ಯಾಪಕರ ನೇಮಕಾತಿಯ ಪೋರ್ಟಲ್ ಕಟ್ಟಿಕೊಡಬೇಕಿತ್ತು. ಅರ್ಜಿ ಹಾಕುವುದು, ಅಂಕ ಲೆಕ್ಕ ಹಾಕುವುದು, ಸಂದರ್ಶನಕ್ಕೆ ಪಟ್ಟಿ ತಯಾರಿಸುವುದು, ಕೊನೆಗೆ ಫಲಿತಾಂಶ ಪ್ರಕಟಿಸುವುದು. ಎಂ.ಟೆಕ್ ಮುಗಿಸಿ ಪುಣೆಯ ಹಿಂಜವಡಿಗೆ ಬಂದಾಗಿನಿಂದ ಬ್ಯಾಂಕು, ವಿಮೆ ಅಂತ ಕೋಡ್ ಬರೆದವನಿಗೆ ಇದು ಸುಲಭದ ಕೆಲಸ ಎನಿಸಿತು. ನಿಯಮಗಳು ಅಚ್ಚಾಗಿವೆ, ಅವನ್ನು ಕೋಡ್‌ಗೆ ಇಳಿಸಿದರಾಯಿತು ಎಂದುಕೊಂಡೆ.

ಪರೀಕ್ಷೆಗೆಂದು ಮೊದಲು ಆರಿಸಿಕೊಂಡದ್ದು ಪರಿಸರ ವಿಜ್ಞಾನ ವಿಭಾಗವನ್ನು. ಅದು ಚಿಕ್ಕ ವಿಭಾಗ, ಹುದ್ದೆಗಳು ಕಡಿಮೆ, ತಪ್ಪಾದರೆ ಬೇಗ ಸಿಗುತ್ತದೆ. ಇನ್ನೊಂದು ಕಾರಣವೂ ಇತ್ತು. ನನ್ನ ಅಕ್ಕ ಅದೇ ವಿಷಯದ ಅತಿಥಿ ಉಪನ್ಯಾಸಕಿ. ಕರ್ನಾಟಕದ ಒಂದು ವಿಶ್ವವಿದ್ಯಾಲಯದಲ್ಲಿ ಆಗ ಅವಳದು ಒಂಬತ್ತನೇ ವರ್ಷ. ಎಂ.ಎಸ್ಸಿ, ನೆಟ್ ಎರಡೂ ಪರಿಸರ ವಿಜ್ಞಾನದಲ್ಲೇ. ಮುಂಡರಗಿ ಸುತ್ತಲಿನ ಹಳ್ಳಿಗಳ ಬೋರ್‌ವೆಲ್ ನೀರಿನ ಫ್ಲೋರೈಡ್ ಮೇಲೆ ಪಿಎಚ್.ಡಿ. ಏನಾದರೂ ಅನುಮಾನ ಬಂದರೆ ಅಕ್ಕನನ್ನು ಕೇಳಬಹುದು ಎಂಬುದು ನನ್ನ ಲೆಕ್ಕಾಚಾರ.

ಮೊದಲು ಎದುರಾದದ್ದು ರೋಸ್ಟರ್. ಮೀಸಲಾತಿಯ ಸರದಿ ಎಣಿಸುವಾಗ ಇಡೀ ವಿಶ್ವವಿದ್ಯಾಲಯವನ್ನು ಒಂದು ಘಟಕ ಎನ್ನಬೇಕೋ, ಒಂದೊಂದು ವಿಭಾಗವನ್ನೂ ಬೇರೆ ಘಟಕ ಎನ್ನಬೇಕೋ? ಕೇಳಲು ಗುಮಾಸ್ತಿಕೆಯ ಪ್ರಶ್ನೆಯಂತಿದೆ. ಆದರೆ 2017ರ ಏಪ್ರಿಲ್‌ನಲ್ಲಿ ಅಲಹಾಬಾದ್ ಹೈಕೋರ್ಟ್ ವಿಭಾಗವೇ ಘಟಕ ಎಂದಿತು. 2018ರ ಮಾರ್ಚ್‌ನಲ್ಲಿ ಯುಜಿಸಿ ಅದರಂತೆ ಸುತ್ತೋಲೆ ಹೊರಡಿಸಿತು. ಚಿಕ್ಕ ಘಟಕದ ರೋಸ್ಟರ್‌ನಲ್ಲಿ ಇತರೆ ಹಿಂದುಳಿದ ವರ್ಗದ ಮೊದಲ ಸರದಿ ಬರುವುದು ನಾಲ್ಕನೇ ಸ್ಥಾನಕ್ಕೆ, ಪರಿಶಿಷ್ಟ ಜಾತಿಯದು ಏಳಕ್ಕೆ, ಪರಿಶಿಷ್ಟ ಪಂಗಡದ್ದು ಹದಿನಾಲ್ಕಕ್ಕೆ.

ಮೂರು ಸಹಾಯಕ ಪ್ರಾಧ್ಯಾಪಕ ಹುದ್ದೆಗಳಿರುವ ಪರಿಸರ ವಿಜ್ಞಾನ ವಿಭಾಗವನ್ನು ಇದಕ್ಕೆ ಹೊಂದಿಸಿ ನೋಡಿ. ಮೂರೂ ಸಾಮಾನ್ಯ ವರ್ಗಕ್ಕೆ. ಅವರಲ್ಲೊಬ್ಬರು ಜಾಗ ಬಿಡುವ ತನಕ ನಾಲ್ಕನೇ ಸರದಿಯೇ ಇಲ್ಲ. ಹದಿನಾಲ್ಕನೇ ಸರದಿ ಬರುವಷ್ಟರಲ್ಲಿ ಎರಡು ಮೂರು ತಲೆಮಾರು ಕಳೆದಿರುತ್ತವೆ. ಗಣಿತ, ಇಂಗ್ಲಿಷ್‌ನಂಥ ದೊಡ್ಡ ವಿಭಾಗಗಳಿಗಿಂತ ಇಂಥ ಸಣ್ಣ ವಿಭಾಗಗಳಲ್ಲಿ ಮೀಸಲಾತಿ ಬರೀ ಕಾಗದದಲ್ಲೇ ಉಳಿಯುತ್ತಿತ್ತು. ದೇಶದಾದ್ಯಂತ ಪ್ರತಿಭಟನೆ ನಡೆಯಿತು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇಂದ್ರದ ಮೇಲ್ಮನವಿಯನ್ನು ತಳ್ಳಿಹಾಕಿದ ಮೇಲೆ ಮಾರ್ಚ್‌ನಲ್ಲಿ ಸುಗ್ರೀವಾಜ್ಞೆ ಬಂತು, ಅದೇ ವರ್ಷ ಕಾಯ್ದೆಯಾಯಿತು. ಈಗ ಕೇಂದ್ರೀಯ ಸಂಸ್ಥೆಗಳಲ್ಲಿ ಇಡೀ ಸಂಸ್ಥೆಯೇ ಒಂದು ಘಟಕ.

ನನ್ನ ಕೋಡ್‌ನಲ್ಲಿ ಇದು ಒಂದು ಸಾಲು. ಘಟಕ ಎಂಬಲ್ಲಿ ‘ವಿಭಾಗ’ದ ಬದಲು ‘ಸಂಸ್ಥೆ’ ಅಂತ ಬರೆದೆ, ಪರದೆಯ ಮೇಲಿನ ಪಟ್ಟಿಯೇ ಬದಲಾಯಿತು. ಎರಡು ವರ್ಷದ ಜಗಳ ಒಂದು ಪದದೊಳಗಿತ್ತು ಎಂಬುದು ಅವತ್ತು ತಿಳಿಯಿತು.

ಎರಡನೆಯದು ‘ಸಂಬಂಧಿತ ವಿಷಯ’. ಪರಿಸರ ವಿಜ್ಞಾನ ನಮ್ಮ ದೇಶದಲ್ಲಿ ತೀರಾ ಹಳೆಯ ವಿಷಯವಲ್ಲ. ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದಲ್ಲಿ ಅದಕ್ಕೆಂದೇ ಒಂದು ಸ್ಕೂಲ್ ಶುರುವಾದದ್ದು 1970ರ ದಶಕದಲ್ಲಿ. ಮೊದಲ ತಲೆಮಾರಿನ ಮೇಷ್ಟ್ರುಗಳೆಲ್ಲ ಸಸ್ಯವಿಜ್ಞಾನ, ರಸಾಯನವಿಜ್ಞಾನ, ಭೂವಿಜ್ಞಾನ, ಭೌತವಿಜ್ಞಾನದಿಂದ ಬಂದವರು. ಬೇರೆ ದಾರಿಯೂ ಇರಲಿಲ್ಲ, ಹಾಗೆ ಬಂದದ್ದರಿಂದಲೇ ವಿಷಯ ಬೆಳೆಯಿತು ಕೂಡ. ಆದರೆ ಈಗ ಪರಿಸರ ವಿಜ್ಞಾನದಲ್ಲೇ ಎಂ.ಎಸ್ಸಿ ಮಾಡಿದವರಿದ್ದಾರೆ. ಈ ವಿಭಾಗದ ಹುದ್ದೆಗೆ ಸಸ್ಯವಿಜ್ಞಾನದವರೂ ಅರ್ಜಿ ಹಾಕಬಹುದು, ಸಸ್ಯವಿಜ್ಞಾನದ ಹುದ್ದೆಗೆ ಅಕ್ಕನಂಥವರು ಹಾಕುವಂತಿಲ್ಲ. ಬಾಗಿಲು ಒಂದೇ ಕಡೆಗೆ ತೆರೆಯುತ್ತದೆ. 2025ರ ಜನವರಿಯಲ್ಲಿ ಬಂದ ಯುಜಿಸಿ ಕರಡು, ಪದವಿಯ ವಿಷಯ ಯಾವುದಿದ್ದರೂ ನೆಟ್ ಅಥವಾ ಪಿಎಚ್.ಡಿ ವಿಷಯದಲ್ಲಿ ಪಾಠ ಮಾಡಲು ಅವಕಾಶ ಕೊಡುವ ಮಾತಾಡಿತು. ಎಲ್ಲ ಬಾಗಿಲೂ ಹಾಗೆ ತೆರೆದರೆ ಒಳ್ಳೆಯದೇ. ಆದರೆ ನಮ್ಮ ಪೋರ್ಟಲ್‌ನಲ್ಲಿ ಯಾವ್ಯಾವ ವಿಷಯ ‘ಸಂಬಂಧಿತ’ ಎಂಬ ಪಟ್ಟಿ ಕೇಳಿದಾಗ ಬಂದ ಉತ್ತರ, ‘ಅದನ್ನು ಅರ್ಜಿಗಳು ಬಂದ ಮೇಲೆ ಸಮಿತಿ ನೋಡಿಕೊಳ್ಳುತ್ತದೆ’. ಯಾರು ಆಡುತ್ತಾರೆಂದು ನೋಡಿಕೊಂಡು ಆಮೇಲೆ ಅಂಕಣದ ಗೆರೆ ಎಳೆದಂತೆ.

ಮೂರನೆಯದು ಅನುಭವದ ಅಂಕ. ಯುಜಿಸಿಯ 2018ರ ನಿಯಮಾವಳಿಯಲ್ಲಿ ತಾತ್ಕಾಲಿಕ ಅಥವಾ ಗುತ್ತಿಗೆ ಸೇವೆ ಲೆಕ್ಕಕ್ಕೆ ಬರಬೇಕಾದರೆ ಇರುವ ಷರತ್ತುಗಳಲ್ಲೊಂದು ಹೀಗಿದೆ: ಆ ಅವಧಿಯಲ್ಲಿ ಪಡೆದ ಒಟ್ಟು ಸಂಬಳ ಕಾಯಂ ಸಹಾಯಕ ಪ್ರಾಧ್ಯಾಪಕರ ತಿಂಗಳ ಸಂಬಳಕ್ಕಿಂತ ಕಡಿಮೆ ಇರಕೂಡದು. ಗ್ರಾಹಕರು ಇದನ್ನು ಅಕ್ಷರಶಃ ಪಾಲಿಸಲು ಹೇಳಿದರು. ಅರ್ಜಿದಾರ ಸಂಬಳ ತುಂಬುತ್ತಾನೆ, ಕಡಿಮೆಯಿದ್ದರೆ ಆ ವರ್ಷಗಳು ಸೊನ್ನೆ. ನಾನೇ ಬರೆದೆ. ಸುಳ್ಳು ಹೆಸರಿನಲ್ಲಿ ಅಕ್ಕನ ವಿವರ ತುಂಬಿ ಓಡಿಸಿ ನೋಡಿದೆ. ಒಂಬತ್ತು ವರ್ಷದ ಪಾಠಕ್ಕೆ ಸೊನ್ನೆ ಬಂತು. ಪ್ರೋಗ್ರಾಮ್ ಸರಿಯಾಗಿ ಕೆಲಸ ಮಾಡುತ್ತಿತ್ತು.

ಅವತ್ತು ರಾತ್ರಿ ಅಕ್ಕನಿಗೆ ಫೋನ್ ಮಾಡಿ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅಂದ್ರ ಪಗಾರ ಕಡಿಮಿ ಕೊಟ್ಟಿದ್ದಕ್ಕ ನಾ ಕಲಿಸಿದ್ದೂ ಕಡಿಮಿ ಆತೇನು?’ ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ. ಯುಜಿಸಿಯೇ 2019ರಲ್ಲಿ ಅತಿಥಿ ಉಪನ್ಯಾಸಕರಿಗೆ ಗೊತ್ತುಮಾಡಿದ ಮೊತ್ತ ಒಂದು ಪಾಠಕ್ಕೆ 1,500 ರೂಪಾಯಿ, ತಿಂಗಳಿಗೆ ಹೆಚ್ಚೆಂದರೆ 50,000. ಪೂರ್ತಿ ಕೊಟ್ಟರೂ ಕಾಯಂ ಸಂಬಳಕ್ಕೆ ಅದು ಸಮನಾಗದು. ಅಕ್ಕನಿಗೆ ಬರುವುದು ಅದಕ್ಕಿಂತ ಎಷ್ಟೋ ಕಡಿಮೆ, ಅದೂ ರಜೆಯ ತಿಂಗಳುಗಳನ್ನು ಬಿಟ್ಟು.

ಕೊನೆಯದು ಸಂದರ್ಶನ. ಶೈಕ್ಷಣಿಕ ಅಂಕಗಳಿರುವುದು ಸಂದರ್ಶನಕ್ಕೆ ಕರೆಯುವುದಕ್ಕೆ ಮಾತ್ರ. ವಿಶ್ವವಿದ್ಯಾಲಯಗಳಲ್ಲಿ ಸಹಾಯಕ ಪ್ರಾಧ್ಯಾಪಕರ ಆಯ್ಕೆ ಪೂರ್ತಿ ಸಂದರ್ಶನದ ಮೇಲೇ ನಡೆಯುತ್ತದೆ. ಕುಲಪತಿ ಅಧ್ಯಕ್ಷರು. ಅವರ ಜೊತೆ ವಿಸಿಟರ್ ಅಥವಾ ಕುಲಾಧಿಪತಿಯ ನಾಮನಿರ್ದೇಶಿತರು, ಮೂವರು ವಿಷಯ ತಜ್ಞರು, ಡೀನ್, ವಿಭಾಗದ ಮುಖ್ಯಸ್ಥರು, ಜೊತೆಗೆ ಮೀಸಲು ವರ್ಗ ಅಥವಾ ಮಹಿಳೆಯರ ಪರವಾಗಿ ಒಬ್ಬರು. ಹೊರಗಿನ ಇಬ್ಬರು ತಜ್ಞರು ಸೇರಿ ನಾಲ್ವರಿದ್ದರೂ ಸಭೆ ನಡೆಯುತ್ತದೆ. ಅಲ್ಲಿಯ ತನಕ ದಶಾಂಶದ ಲೆಕ್ಕ ಹಾಕುವ ನನ್ನ ಪ್ರೋಗ್ರಾಮ್‌ಗೆ ಆ ಕೋಣೆಯ ಬಾಗಿಲ ಒಳಗೆ ಪ್ರವೇಶವಿಲ್ಲ. ಒಳಗಿನಿಂದ ಒಂದು ಪದ ಬರುತ್ತದೆ: ಆಯ್ಕೆ, ಕಾಯ್ದಿರಿಸಿದ ಪಟ್ಟಿ, ಇಲ್ಲವೇ ‘ಯಾರೂ ಸೂಕ್ತರಾಗಿ ಕಂಡುಬಂದಿಲ್ಲ’.

ಮೂರನೆಯದನ್ನು ಒತ್ತಿದರೆ ಹುದ್ದೆ ಖಾಲಿ ಉಳಿಯುತ್ತದೆ. ಹತ್ತಾರು ಜನ ನೆಟ್, ಪಿಎಚ್.ಡಿ ಆದವರನ್ನು ಕರೆದು ಒಬ್ಬರೂ ಸೂಕ್ತರಲ್ಲ ಎನ್ನುವಾಗ ಯಾಕೆ ಎಂದು ಬರೆಯಬೇಡವೇ? ನಾನು ಅದರ ಪಕ್ಕ ‘ಕಾರಣ’ ಎಂಬ ಕಾಲಂ ಸೇರಿಸಿ ತೋರಿಸಿದೆ. ಅಲ್ಲಿಯ ಅಧಿಕಾರಿ ಒಳ್ಳೆಯ ಮನುಷ್ಯರು, ಸಿಟ್ಟಾಗಲಿಲ್ಲ. ‘ಕಾರಣ ಬರೆದರೆ ಪ್ರತಿ ಕಾರಣಕ್ಕೂ ಒಂದು ರಿಟ್ ಅರ್ಜಿ ಬೀಳುತ್ತದೆ. ತಡೆಯಾಜ್ಞೆ ಬಂದರೆ ಇರುವ ನೇಮಕಾತಿಯೂ ನಿಲ್ಲುತ್ತದೆ. ಅದನ್ನು ತೆಗೆದುಬಿಡಿ’ ಎಂದರು. ಅವರ ಮಾತು ಪೂರ್ತಿ ಸುಳ್ಳಲ್ಲ. ಕೋರ್ಟಿನಲ್ಲಿ ವರ್ಷಗಟ್ಟಲೆ ಸಿಕ್ಕಿಕೊಂಡ ನೇಮಕಾತಿಗಳು ನಮ್ಮಲ್ಲೂ ಇವೆ. ಎರಡು ಸಲ ಹೇಳಿ ನೋಡಿದೆ. ಮೂರನೇ ಸಲ ನನ್ನ ಮ್ಯಾನೇಜರ್ ಕಣ್ಣಲ್ಲೇ ಸಾಕು ಎಂದರು. ತೆಗೆದೆ. ಐದು ನಿಮಿಷವೂ ಹಿಡಿಯಲಿಲ್ಲ.

ಅಕ್ಕನಿಗೆ ಇದನ್ನು ಹೇಳುವಾಗ ನನಗೆ ನೆನಪಿಗೆ ಬರಲಿಲ್ಲ, ಅವಳೇ ನೆನಪಿಸಿದಳು. ಬೇರೆ ಒಂದು ಕಡೆ ಅವಳೂ ಇಂಥದೇ ಸಂದರ್ಶನಕ್ಕೆ ಹೋಗಿದ್ದಳು. ಹನ್ನೆರಡು ನಿಮಿಷ ಕೂರಿಸಿದ್ದರು. ಅಂತರ್ಜಲದ ಬಗ್ಗೆ ಒಂದು ಪ್ರಶ್ನೆ, ಗಂಡ ಏನು ಮಾಡುತ್ತಾರೆಂದು ಒಂದು ಪ್ರಶ್ನೆ. ಫಲಿತಾಂಶದಲ್ಲಿ ಅದೇ ಸಾಲು, ಯಾರೂ ಸೂಕ್ತರಲ್ಲ. ‘ಆ ಕಾಲಂ ನನಗೂ ಬೇಕಾಗಿತ್ತು ತಮ್ಮಾ. ಏನು ಕಡಿಮಿ ಬಿತ್ತು ಅಂತ ಗೊತ್ತಾಗಿದ್ರ ಓದಿಕೊಂಡರ ಹೋಗತಿದ್ನಿ’ ಎಂದಳು.

ಖಾಲಿ ಕುರ್ಚಿ ಅಂದರೆ ಏನೂ ಆಗದೆ ಇರುವುದು ಎಂದು ನಾನು ತಿಳಿದಿದ್ದೆ. ಅಕ್ಕನ ವಿಭಾಗದ ಕತೆ ಕೇಳಿದ ಮೇಲೆ ಹಾಗಲ್ಲ ಎನಿಸಿದೆ. ಅಲ್ಲೀಗ ಕಾಯಂ ಅಧ್ಯಾಪಕರು ಒಬ್ಬರೇ. ವಿಭಾಗದ ಮುಖ್ಯಸ್ಥರೂ ಅವರೇ, ಪಠ್ಯ ರೂಪಿಸುವ ಅಧ್ಯಯನ ಮಂಡಳಿಯ ಅಧ್ಯಕ್ಷರೂ ಅವರೇ. ಮುಖ್ಯಸ್ಥರ ಸ್ಥಾನ ಸರದಿಯಲ್ಲಿ ತಿರುಗಬೇಕೆಂಬ ವ್ಯವಸ್ಥೆ ಇರುವುದು ಅಧಿಕಾರ ಒಬ್ಬರಲ್ಲೇ ನಿಲ್ಲದಿರಲಿ ಅಂತ. ತಿರುಗಿಸಲು ಎರಡನೆಯವರಾದರೂ ಬೇಕಲ್ಲ? ಪಾಠ, ಪ್ರಯೋಗಾಲಯ, ಪ್ರಶ್ನೆಪತ್ರಿಕೆ, ಮೌಲ್ಯಮಾಪನವನ್ನೆಲ್ಲ ಹೊರುವ ಅತಿಥಿ ಉಪನ್ಯಾಸಕರು ವಿಭಾಗದ ಸಭೆಯಲ್ಲಿ ಕೂರುತ್ತಾರೆ, ಕೈ ಎತ್ತುವ ಹಕ್ಕಿಲ್ಲ.

ಸಂಶೋಧನೆಯ ಕತೆ ಇನ್ನೂ ಕಷ್ಟ. ಯುಜಿಸಿಯ 2022ರ ಪಿಎಚ್.ಡಿ ನಿಯಮದಂತೆ ಮಾರ್ಗದರ್ಶಕರಾಗಲು ಕಾಯಂ ಅಧ್ಯಾಪಕರೇ ಆಗಿರಬೇಕು. ಪ್ರಾಧ್ಯಾಪಕರಿಗೆ 8, ಸಹ ಪ್ರಾಧ್ಯಾಪಕರಿಗೆ 6, ಸಹಾಯಕ ಪ್ರಾಧ್ಯಾಪಕರಿಗೆ 4 ವಿದ್ಯಾರ್ಥಿಗಳ ಮಿತಿ. ನಿವೃತ್ತಿಗೆ ಮೂರು ವರ್ಷಕ್ಕಿಂತ ಕಡಿಮೆ ಇದ್ದರೆ ಹೊಸಬರನ್ನು ತೆಗೆದುಕೊಳ್ಳುವಂತಿಲ್ಲ. ನಿಯಮ ಒಳ್ಳೆಯದೇ, ಹುಡುಗರು ನಡುನೀರಿನಲ್ಲಿ ಬೀಳದಿರಲಿ ಎಂದು ಮಾಡಿದ್ದು. ಆದರೆ ಅಕ್ಕನ ವಿಭಾಗದ ಆ ಒಬ್ಬರಿಗೆ ನಿವೃತ್ತಿ ಹತ್ತಿರವಾಗಿದೆ. ಹಾಗಾಗಿ ಅಲ್ಲಿ ಹೊಸ ಪಿಎಚ್.ಡಿ ಪ್ರವೇಶ ನಿಂತಿದೆ. ಯಾರೂ ಮುಚ್ಚಲಿಲ್ಲ, ಯಾವ ಸಭೆಯಲ್ಲೂ ನಿರ್ಣಯವಾಗಲಿಲ್ಲ, ಒಂದು ಆದೇಶವೂ ಇಲ್ಲ. ಹುದ್ದೆ ತುಂಬಲು ಆರ್ಥಿಕ ಇಲಾಖೆಯ ಅನುಮತಿಗೆ ಕಡತ ಹೋಗಿದೆ ಎಂಬುದಷ್ಟೇ ಅಲ್ಲಿ ಎಲ್ಲರಿಗೂ ಗೊತ್ತು. ಆ ಮುಖ್ಯಸ್ಥರನ್ನು ಬೈದು ಪ್ರಯೋಜನವಿಲ್ಲ. ಪ್ರತಿ ವರ್ಷ ನೆನಪೋಲೆ ಬರೆಯುವವರು ಅವರೇ ಎಂದು ಅಕ್ಕ ಹೇಳುತ್ತಾಳೆ.

ಇದರ ಇನ್ನೊಂದು ಮುಖ ನೋಡಿದರೆ ಬೇಸರ ಹೆಚ್ಚಾಗುತ್ತದೆ. ಎಂ.ಸಿ. ಮೆಹ್ತಾ ಅವರ ಅರ್ಜಿಯ ಮೇಲೆ 1991ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಪರಿಸರವನ್ನು ಕಡ್ಡಾಯ ವಿಷಯವಾಗಿ ಕಲಿಸಿ ಎಂದಿತು. 2003ರಲ್ಲಿ ಮತ್ತೊಮ್ಮೆ ಕೇಳಬೇಕಾಯಿತು. ಆಗ ಯುಜಿಸಿ ಎಲ್ಲ ಪದವಿ ವಿದ್ಯಾರ್ಥಿಗಳಿಗೂ ಆರು ತಿಂಗಳ ಪಠ್ಯ ತಂದಿತು. ಅದಕ್ಕೆಂದು ಪಠ್ಯಪುಸ್ತಕ ಬರೆದವರು ಇದೇ ಪುಣೆಯ ಎರಾಕ್ ಭರೂಚಾ. ಎಂಟು ಘಟಕಗಳ ಆ ಪಠ್ಯದಲ್ಲಿ ಕೊನೆಯದು ಕ್ಷೇತ್ರಕಾರ್ಯ. ನದಿ, ಕಾಡು, ಗುಡ್ಡ ಯಾವುದಾದರೂ ಒಂದರ ಬಳಿ ಹೋಗಿ ನೋಡಿ ಬರೆಯಬೇಕು. ವಾಣಿಜ್ಯದವರಿಗೂ ಕಡ್ಡಾಯ, ಕಲಾ ವಿಭಾಗದವರಿಗೂ ಕಡ್ಡಾಯ. ಕಡ್ಡಾಯವಲ್ಲದ್ದು ಕಲಿಸುವವರ ನೇಮಕಾತಿ ಒಂದೇ. ಎಷ್ಟೋ ಕಾಲೇಜುಗಳಲ್ಲಿ ಯಾರಿಗೆ ಕಾರ್ಯಭಾರ ಕಡಿಮೆ ಇದೆಯೋ ಅವರ ತಲೆಗೆ ಈ ಪೇಪರ್ ಕಟ್ಟುತ್ತಾರೆ. ನನಗೆ ಇದನ್ನು ಕಲಿಸಿದವರು ಗಣಿತದ ಮೇಷ್ಟ್ರು. ಪಾಪ, ಪುಸ್ತಕ ಓದಿ ಹೇಳಿದರು. ಊರ ಕೆರೆಗೆ ಕರೆದುಕೊಂಡು ಹೋಗಲಿಲ್ಲ.

ಎಂಜಿನಿಯರ್ ಬುದ್ಧಿಗೆ ತೋಚಿದ ನಾಲ್ಕು ಮಾತು ಹೇಳುತ್ತೇನೆ. ಯಾವ ವಿಷಯ ‘ಸಂಬಂಧಿತ’ ಎಂಬುದು ಅಧಿಸೂಚನೆಯಲ್ಲೇ ಇರಲಿ, ಅರ್ಜಿ ಬಂದ ಮೇಲೆ ಬೇಡ. ಕಲಿಸಿದ ವರ್ಷಗಳನ್ನು ಕಲಿಸಿದ ಗಂಟೆಗಳಿಂದ ಅಳೆಯಲಿ, ಸಂಬಳದಿಂದಲ್ಲ. ಯಾವ ಹುದ್ದೆ ಯಾವ ದಿನದಿಂದ ಖಾಲಿ, ಕಡತ ಈಗ ಯಾರ ಮೇಜಿನ ಮೇಲಿದೆ ಎಂಬುದು ವಿಶ್ವವಿದ್ಯಾಲಯದ ಜಾಲತಾಣದಲ್ಲಿ ಕಾಣಲಿ. ಬ್ಯಾಂಕಿನಲ್ಲಿ ನೂರು ರೂಪಾಯಿ ಎಲ್ಲಿ ನಿಂತಿದೆ ಎಂದು ತೋರಿಸುವ ನಮಗೆ ಇದು ದೊಡ್ಡ ಕೆಲಸವಲ್ಲ. ಇನ್ನು ಯಾರೂ ಸೂಕ್ತರಲ್ಲ ಎಂದರೆ ಯಾಕೆ ಎಂದು ಎರಡು ಸಾಲು ಬರೆಯಲಿ. ಕಾರಣ ಸರಿಯಿದ್ದರೆ ಕೋರ್ಟಿಗೆ ಹೆದರಬೇಕಾದ್ದೇನು?

ಈ ಮಾತನ್ನು ನಾನು ಆ ಸಭೆಯಲ್ಲೇ ಹೇಳಬೇಕಿತ್ತು. ಹೇಳಲಿಲ್ಲ. ಪೋರ್ಟಲ್ ಈಗಲೂ ಚೆನ್ನಾಗಿ ಓಡುತ್ತಿದೆ, ಗ್ರಾಹಕರಿಂದ ಮೆಚ್ಚುಗೆಯ ಪತ್ರವೂ ಬಂತು.

ಕಳೆದ ವಾರ ಅಕ್ಕ ಒಂದು ಫೋಟೊ ಕಳಿಸಿದಳು. ಇಪ್ಪತ್ತು ಮಕ್ಕಳು ಕೆರೆ ಏರಿಯ ಮೇಲೆ ಬಾಟಲಿ ಹಿಡಿದು ನಿಂತಿದ್ದಾರೆ, ನಡುವೆ ಇವಳು ಸೀರೆಯ ನೆರಿಗೆ ಎತ್ತಿ ಕಟ್ಟಿಕೊಂಡು ನೀರಿಗಿಳಿದಿದ್ದಾಳೆ. ಫೋನ್ ಮಾಡಿ, ‘ಈ ವರ್ಷದ ಆದೇಶ ಬಂತೇನಕ್ಕ?’ ಎಂದು ಕೇಳಿದೆ.

‘ಇನ್ನೂ ಇಲ್ಲೋ’ ಅಂದಳು. ‘ಅದು ಬರೋ ಮಟ ಕೆರಿ ನೀರು ನಿಲ್ಲತೈತೇನು? ಮಳಿಗಾಲ ಮುಗಿಯೋದ್ರೊಳಗ ಮಾದರಿ ತಗೋಬೇಕು. ಇಡು, ಹುಡುಗ್ರು ಕಾಯಾಕತ್ತಾರ.’