ಜಾಕೆಟ್ ನೆನಪಿತ್ತು, ಕತ್ತಲೆ ಮರೆತಿತ್ತು

ದಾವಣಗೆರೆಯಲ್ಲಿ ಬೆಳೆದ ನನಗೆ ಚಳಿಗಾಲ ಅಂದ್ರೆ ಬೆಳಗ್ಗೆ ಹೊತ್ತು ಒಂದು ಸ್ವೆಟರ್, ಅಷ್ಟೇ. ಕಂಪನಿ ಅಮೆರಿಕದ ಮಿನಿಯಾಪೊಲಿಸ್‌ಗೆ ಕಳಿಸುತ್ತೆ ಅಂದಾಗ ಎಕ್ಸೆಲ್ ಶೀಟ್ ಮಾಡಿದೆ: ಜಾಕೆಟ್, ಬೂಟು, ಗ್ಲೌಸ್, ಮಗಳಿಗೆ ಸ್ನೋ ಪ್ಯಾಂಟ್. ನವೆಂಬರ್ ಕೊನೆಗೆ ಹೆಂಡತಿ, ನಾಲ್ಕು ವರ್ಷದ ಮಗಳ ಜತೆ ಬಂದಿಳಿದೆ. ಮೊದಲ ತಪ್ಪು ಅದೇ.

ಚಳಿಗೆ ಪರಿಹಾರ ಇದೆ. ಇಲ್ಲಿ ಜನವರಿ ರಾತ್ರಿ ಮೈನಸ್ 13 ಡಿಗ್ರಿ ಮಾಮೂಲು, ಕೆಲವೊಮ್ಮೆ ಮೈನಸ್ 25 ಕೂಡ ಆಗುತ್ತೆ. ಒಳಗೆ ಥರ್ಮಲ್, ಮಧ್ಯೆ ಉಣ್ಣೆ ಅಥವಾ ಫ್ಲೀಸ್, ಮೇಲೆ ಗಾಳಿ ತಡೆಯೋ ಜಾಕೆಟ್. ಒಳಗೆ ಕಾಟನ್ ಬೇಡ. ಬೆವರಿಗೆ ಒದ್ದೆಯಾದ್ರೆ ಬೇಗ ಒಣಗಲ್ಲ, ಮೈ ತಣ್ಣಗಾಗುತ್ತೆ. ಹೀಟರ್‌ಗೆ ಮನೆಯ ಗಾಳಿ ಒಣಗಿ ತುಟಿ ಒಡೆಯುತ್ತೆ, ಹ್ಯುಮಿಡಿಫೈಯರ್ ತಗೊಳ್ಳಿ.

ನಾನು ಲೆಕ್ಕ ಹಾಕದೇ ಇದ್ದದ್ದು ಕತ್ತಲೆಯನ್ನ. ಡಿಸೆಂಬರಿನಲ್ಲಿ ಸಂಜೆ 4.30ಕ್ಕೇ ಸೂರ್ಯ ಮುಳುಗ್ತಾನೆ. ನನಗೇನೂ ತೊಂದರೆಯಿಲ್ಲ. ಇಲ್ಲಿನ ಡೌನ್‌ಟೌನ್‌ನಲ್ಲಿ ಕಟ್ಟಡದಿಂದ ಕಟ್ಟಡಕ್ಕೆ ರಸ್ತೆ ಮೇಲೆ ಗಾಜಿನ ಸೇತುವೆಗಳಿವೆ, ಸ್ಕೈವೇ ಅಂತಾರೆ. ಊಟಕ್ಕೂ ಜಾಕೆಟ್ ಹಾಕದೆ ಹೋಗಿಬರ್ತಿದ್ದೆ. ಆದರೆ ಹೆಂಡತಿ? ಬೆಂಗಳೂರಲ್ಲಿ ಕೆಲಸ ಬಿಟ್ಟು ಬಂದವಳು. ಅವಳ ಎಚ್-4 ವೀಸಾದಲ್ಲಿ ಕೆಲಸ ಮಾಡೋ ಹಾಗಿರಲಿಲ್ಲ. ಡ್ರೈವಿಂಗ್ ಲೈಸೆನ್ಸ್ ಇಲ್ಲ, ಬಸ್‌ಸ್ಟಾಪ್ ದಾರಿಯಲ್ಲೆಲ್ಲ ಐಸು.

ಜನವರಿಯ ಒಂದು ಸಂಜೆ ಮನೆಗೆ ಬಂದರೆ ಲೈಟೇ ಹಾಕಿಲ್ಲ. ಮಗಳು ಮೊಬೈಲ್ ನೋಡ್ತಿದ್ದಾಳೆ, ಇವಳು ಸೋಫಾದಲ್ಲಿ ಸುಮ್ಮನೆ ಕೂತಿದ್ದಾಳೆ. "ನಾಲ್ಕು ದಿನದಿಂದ ನಾನು ಹೊರಗೇ ಹೋಗಿಲ್ಲ, ಗೊತ್ತಾ?" ಅಂದಳು. ನನಗೆ ಗೊತ್ತಿರಲಿಲ್ಲ.

ಆಮೇಲೆ ಸಣ್ಣಪುಟ್ಟ ಬದಲಾವಣೆ ಮಾಡಿಕೊಂಡ್ವಿ. ವಾರಕ್ಕೆ ಎರಡು ದಿನ ನಾನು ಆಫೀಸಿಗೆ ತಡವಾಗಿ ಹೊರಟು ಇಬ್ಬರನ್ನೂ ಲೈಬ್ರರಿಗೆ ಬಿಡ್ತಿದ್ದೆ. ಅಲ್ಲಿ ಮಕ್ಕಳಿಗೆ ಉಚಿತವಾಗಿ ಕಥೆ ಹೇಳ್ತಾರೆ, ಅವಳಿಗೆ ಇಬ್ಬರು ಅಮ್ಮಂದಿರ ಪರಿಚಯವಾಯ್ತು. ಬಿಸಿಲಿದ್ದರೆ ಮಧ್ಯಾಹ್ನ ಹತ್ತು ನಿಮಿಷವಾದ್ರೂ ನಡಿಗೆ. ಡಾಕ್ಟರ್ ಹತ್ತಿರ ಹೋಗಿ ಬೇಜಾರಿನ ವಿಷಯವನ್ನೂ ಮುಚ್ಚಿಡದೆ ಹೇಳಿದಳು. ವಿಟಮಿನ್ ಡಿ ಕಮ್ಮಿ ಇತ್ತು, ಮಾತ್ರೆ ಕೊಟ್ಟರು. ಏಪ್ರಿಲ್‌ನಲ್ಲಿ ಲೈಸೆನ್ಸ್ ತಗೊಂಡಳು.

ಈಗ ಮೂರನೇ ಚಳಿಗಾಲ. ಹಿಮದಲ್ಲಿ ನನಗಿಂತ ಚೆನ್ನಾಗಿ ಕಾರು ಓಡಿಸ್ತಾಳೆ.

ನೀವೂ ಹೊರಟಿದ್ದರೆ, ಸಾಧ್ಯವಾದ್ರೆ ಮೇ-ಜೂನ್‌ನಲ್ಲಿ ಹೋಗಿ. ಹಿಮ ಬೀಳೋ ಮುಂಚೆ ಇಬ್ಬರಿಗೂ ಲೈಸೆನ್ಸ್ ಆಗಲಿ. ಲೈಬ್ರರಿ, ಅಂಗಡಿಗೆ ನಡೆದು ಹೋಗೋ ಕಡೆ ಮನೆ ಹುಡುಕಿ, ಬಾಡಿಗೆ ಸ್ವಲ್ಪ ಜಾಸ್ತಿಯಾದ್ರೂ ಸರಿ. ನಿಮ್ಮ ಎಕ್ಸೆಲ್ ಶೀಟ್‌ನಲ್ಲಿ ಇನ್ನೊಂದು ಸಾಲು ಸೇರಿಸಿ: ನಾನು ಆಫೀಸಿಗೆ ಹೋದ ಮೇಲೆ ಮನೆಯಲ್ಲಿರೋರ ದಿನ ಹೇಗೆ ಕಳೆಯುತ್ತೆ? ಆ ಸಾಲನ್ನು ಒಬ್ಬರೇ ತುಂಬಬೇಡಿ, ಜತೆಗೆ ಕೂತು ತುಂಬಿ.