ಎರೆ ಹೊಲದ ಬಿರುಕು, ಕಲ್ಲಿನ ಕಂಬ

ಜೋಳದ ರಾಶಿ ಮುಗಿದ ಮೇಲೆ ಅಥಣಿ ಸೀಮೆಯ ಎರೆ ಹೊಲ ಬಿಸಿಲಿಗೆ ಬಾಯಿ ಬಿಡುತ್ತದೆ. ಕೆಲವು ಬಿರುಕಿಗೆ ಮೊಳಕೈವರೆಗೆ ಕೈ ಇಳಿಸಬಹುದು. ನಿಂತು ನೋಡಿ: ಅವು ಅಡ್ಡಾದಿಡ್ಡಿ ಹರಿದಂತಿದ್ದರೂ ನೆಲವನ್ನು ಐದಾರು ಮೂಲೆಯ ಹೆಂಟೆಗಳಾಗಿ ಬಿಡಿಸಿರುತ್ತವೆ. ಉತ್ತರ ಐರ್ಲೆಂಡಿನ ಕಡಲಂಚಿನ ‘ಜೈಂಟ್ಸ್ ಕಾಸ್‌ವೇ’ ಚಿತ್ರ ಕಂಡಾಗಲೆಲ್ಲ ನನಗೆ ಈ ಹೊಲವೇ ನೆನಪಾಗುತ್ತದೆ. ಅಲ್ಲಿ ಸುಮಾರು 40,000 ಕಲ್ಲುಕಂಬಗಳು ಒತ್ತೊತ್ತಾಗಿ ನಿಂತಿವೆ. ಬಹುಪಾಲು ಆರು ಮುಖದವು.

ಇದು ಬರೀ ಕಣ್ಣಿಗೆ ಕಾಣುವ ಹೋಲಿಕೆಯಲ್ಲ. ಮಣ್ಣು ಒಣಗಿದರೆ ಕುಗ್ಗುತ್ತದೆ, ಲಾವಾ ಆರಿದರೆ ಕುಗ್ಗುತ್ತದೆ. ಕುಗ್ಗುವಾಗ ಸರಿದುಕೊಳ್ಳಲು ಆಸ್ಪದವಿಲ್ಲದಿದ್ದರೆ ಬಿರಿಯಲೇಬೇಕು. ಲಾವಾದ ಮೇಲ್ಮೈಯಲ್ಲಿ ಹುಟ್ಟಿದ ಬಿರುಕು, ಒಳಗೆ ತಂಪು ಇಳಿದಂತೆ ತಾನೂ ಇಳಿಯುತ್ತ, ಓರೆಕೋರೆ ತಿದ್ದಿಕೊಳ್ಳುತ್ತ, ಮೂರು ಬಿರುಕು 120 ಡಿಗ್ರಿಯ ಆಸುಪಾಸಿನಲ್ಲಿ ಕೂಡುವ ಹದಕ್ಕೆ ಬರುತ್ತದೆ. ಮಣ್ಣಿನಲ್ಲೂ ಹಾಗೆಯೇ. ಮೊದಲ ಸಲ ಬಿರಿದ ಕೆಸರಿನಲ್ಲಿ ಗೆರೆಗಳು ಲಂಬಕೋನದಲ್ಲಿ ಕೂಡುತ್ತವೆ. ಮತ್ತೆ ಮತ್ತೆ ನೆನೆದು ಒಣಗಿದಾಗ ಆರು ಮೂಲೆಯತ್ತ ಹೊರಳುತ್ತವೆ.

ಇನ್ನೂ ಸೊಗಸಿನ ಮಾತೆಂದರೆ, ನಮ್ಮ ಎರೆ ಮಣ್ಣು ಹುಟ್ಟಿದ್ದೇ ಲಾವಾದಿಂದ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖನ್ನಿನ ನೆಲ ಸೀಳಿ ಉಕ್ಕಿದ ಲಾವಾ ಪದರದ ಮೇಲೆ ಪದರವಾಗಿ ಹರಿಯಿತು. ಇಂದಿಗೂ ಅದು ಸುಮಾರು 5 ಲಕ್ಷ ಚದರ ಕಿಲೋಮೀಟರ್ ಹಾಸಿಕೊಂಡಿದೆ. ಚಿಕ್ಕೋಡಿ, ನಿಪ್ಪಾಣಿ, ಕಾಗವಾಡ, ಅಥಣಿ, ರಾಯಬಾಗ ಈ ಹಾಸಿನ ದಕ್ಷಿಣದ ಅಂಚು.

ಹೊಸದಾಗಿ ತೋಡಿದ ಬಾವಿಯ ಗೋಡೆ ನೋಡಿದರೆ ಕಲ್ಲು ಮಣ್ಣಾಗುವ ಬಗೆ ಎದುರಿಗೇ ಕಾಣುತ್ತದೆ. ಮೇಲೆ ಕರಿ ಎರೆ. ಅದರ ಕೆಳಗೆ ಗರಸು. ಗರಸಿನಲ್ಲಿ ಹುದುಗಿದ ದುಂಡುಗಲ್ಲುಗಳು. ಆ ಕಲ್ಲನ್ನು ಉಗುರಿನಿಂದ ಕೆರೆದರೂ ಉಳ್ಳಾಗಡ್ಡಿಯಂತೆ ಸಿಪ್ಪೆ ಸಿಪ್ಪೆಯಾಗಿ ಕಳಚಿ ಬರುತ್ತದೆ, ನಡುವೆ ಗಟ್ಟಿ ತಿರುಳು ಉಳಿಯುತ್ತದೆ. ಇನ್ನೂ ಕೆಳಗೆ ಸುತ್ತಿಗೆಗೂ ಬಗ್ಗದ ಕರಿಕಲ್ಲು. ಅದರಲ್ಲಿ ಅಲ್ಲಲ್ಲಿ ಬಿಳಿ ಹರಳು: ಲಾವಾದ ಗಾಳಿಗುಳ್ಳೆಗಳಲ್ಲಿ ಆಮೇಲೆ ತುಂಬಿಕೊಂಡ ಖನಿಜ.

ಜೈಂಟ್ಸ್ ಕಾಸ್‌ವೇಯಂಥ ಕಂಬಗಳನ್ನು ಕಾಣಲು ಐರ್ಲೆಂಡಿಗೇನೂ ಹೋಗಬೇಕಿಲ್ಲ. ಮಲ್ಪೆಯಿಂದ ದೋಣಿ ಹತ್ತಿದರೆ ಸೇಂಟ್ ಮೇರೀಸ್ ದ್ವೀಪವಿದೆ. ಅಲ್ಲಿಯ ಕಂಬಗಳು ನಮ್ಮ ಲಾವಾಗಿಂತ ಹಳೆಯವು, ಸುಮಾರು 8.8 ಕೋಟಿ ವರ್ಷದವು. ಮಡಗಾಸ್ಕರ್ ಭಾರತದಿಂದ ಬೇರೆಯಾದ ಕಾಲದವು.

ಮುಂಗಾರು ಎರಡು ಸಲ ಚೆನ್ನಾಗಿ ಹೊಡೆದರೆ ಹೊಲದ ಬಿರುಕು ಮುಚ್ಚಿಕೊಳ್ಳುತ್ತದೆ. ಅಡಿಗಲ್ಲಿನ ಬಿರುಕು ಮಾತ್ರ ಹಾಗೇ ಉಳಿದಿದೆ. ಈ ಕರಿಕಲ್ಲಿಗೆ ನೀರು ಕುಡಿಯುವ ಗುಣ ತೀರಾ ಕಡಿಮೆ. ಅದರೊಳಗಿಂದ ಬಾವಿಗೆ ಸೆಲೆ ಬರುವುದು ಹೆಚ್ಚಾಗಿ ಆ ಬಿರುಕುಗಳಿಂದ.